ವೀಸಾ ಕೇಳದ ಬಂದರಿನ ಒಂದು ಬೀದಿ

ಶಾಂಘಾಯ್ ನಗರದ ಹಾಂಗ್‌ಕೌ ಪ್ರದೇಶದಲ್ಲಿ ಝೌಶಾನ್ ರಸ್ತೆ ಎಂಬ ಕಿರಿದಾದ ಬೀದಿಯಿದೆ. ಎರಡೂ ಕಡೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಇಟ್ಟಿಗೆಯ ಸಾಲುಮನೆಗಳು. ಅವುಗಳಲ್ಲಿ 59ನೇ ನಂಬರಿನ ಮನೆಗೆ ಬರ್ಲಿನ್‌ನಿಂದ ಓಡಿಬಂದ ಒಂದು ಸಂಸಾರದ ಕಥೆ ಅಂಟಿಕೊಂಡಿದೆ.

1938ರ ನವೆಂಬರಿನಲ್ಲಿ ನಾತ್ಸಿಗಳು ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಪುಡಿಗಟ್ಟಿದಾಗ ಆ ಬ್ಲೂಮೆಂತಾಲ್ ಸಂಸಾರದ ಯಜಮಾನನನ್ನು ಬೂಖನ್‌ವಾಲ್ಡ್ ಶಿಬಿರಕ್ಕೆ ಎಳೆದೊಯ್ದರು. ಮನೆಯ ಸಾಮಾನನ್ನೆಲ್ಲ ಮಾರಿ ಹಡಗಿನ ಟಿಕೆಟ್ ಹೊಂದಿಸಿದವಳು ಹೆಂಡತಿ. 1939ರ ಮೇ ತಿಂಗಳಲ್ಲಿ ಅವರು ಶಾಂಘಾಯ್ ತಲುಪಿದಾಗ ಮಗ ಮೈಕೆಲ್‌ಗೆ 13 ವರ್ಷ. ಜರ್ಮನಿ ಬಿಡುವ ಯಹೂದಿಗಳು ಕೈಯಲ್ಲಿ 10 ಮಾರ್ಕಿಗಿಂತ ಹೆಚ್ಚು ಹಣ ಒಯ್ಯುವಂತಿರಲಿಲ್ಲ.

ಅಷ್ಟು ದೂರದ ಶಾಂಘಾಯ್ ಏಕೆ? 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸಭೆ ಸೇರಿ ಮರುಕವನ್ನೇನೋ ಸೂಚಿಸಿದವು. ಬಾಗಿಲು ತೆರೆದವರು ವಿರಳ. ಶಾಂಘಾಯ್ ಬಂದರಿನಲ್ಲಿ ಇಳಿಯುವವರನ್ನು ಮಾತ್ರ ಯಾರೂ ವೀಸಾ ಕೇಳುತ್ತಿರಲಿಲ್ಲ. ಆದರೂ ನಾತ್ಸಿಗಳ ಕೈಸೇರಿದ್ದ ಆಸ್ಟ್ರಿಯಾದಿಂದ ಹೊರಬೀಳಲು ಎಲ್ಲಿಗೆ ಹೋಗುತ್ತೇವೆಂದು ತೋರಿಸುವ ಒಂದು ಕಾಗದ ಬೇಕಾಗುತ್ತಿತ್ತು. ವಿಯೆನ್ನಾದಲ್ಲಿದ್ದ ಚೀನಾದ ರಾಜತಾಂತ್ರಿಕ ಹೋ ಫೆಂಗ್‌ಶಾನ್ ಮೇಲಧಿಕಾರಿಯ ಮಾತು ಮೀರಿ ಸಾವಿರಾರು ಜನರಿಗೆ ಅದನ್ನು ಬರೆದುಕೊಟ್ಟ. ಆ ಒಂದು ಸಹಿಯ ಮುಂದೆ 32 ದೇಶಗಳ ಸಭೆ ನನಗೆ ಬಹಳ ಸಣ್ಣದಾಗಿ ಕಾಣುತ್ತದೆ.

ಹೀಗೆ ಬಂದವರು 18 ಸಾವಿರಕ್ಕೂ ಹೆಚ್ಚು. ಬಾಗ್ದಾದ್ ಮೂಲದ, ಮುಂಬಯಿಯಲ್ಲಿ ವ್ಯಾಪಾರ ಬೆಳೆಸಿದ ಸಾಸೂನ್ ಮನೆತನ ತನ್ನ ಕಟ್ಟಡದಲ್ಲೇ ಹಲವರಿಗೆ ತಂಗಲು ಜಾಗ ಕೊಟ್ಟಿತು. ಹಾಂಗ್‌ಕೌ ಬೀದಿಗಳಲ್ಲಿ ಬೇಕರಿ, ಕಾಫಿ ಅಂಗಡಿಗಳು ತಲೆಯೆತ್ತಿ ಆ ಜಾಗಕ್ಕೆ 'ಪುಟ್ಟ ವಿಯೆನ್ನಾ' ಎಂಬ ಹೆಸರೇ ಬಿತ್ತು.

1943ರ ಫೆಬ್ರುವರಿ 18ರಂದು, ನಗರವನ್ನು ವಶಪಡಿಸಿಕೊಂಡಿದ್ದ ಜಪಾನಿ ಆಡಳಿತದ ಆಜ್ಞೆ ಬಂತು: 1937ರ ನಂತರ ಬಂದ, ಯಾವ ದೇಶಕ್ಕೂ ಸೇರದ ನಿರಾಶ್ರಿತರೆಲ್ಲ ಹಾಂಗ್‌ಕೌನ ಗೊತ್ತುಮಾಡಿದ ಗಡಿಯೊಳಗೇ ಇರಬೇಕು. ಸುತ್ತ ಮುಳ್ಳುತಂತಿ ಇರಲಿಲ್ಲ, ಆದರೆ ಹೊರಗೆ ಹೋಗಲು ಪಾಸ್ ಬೇಕಿತ್ತು. ಪಾಸ್ ಕೊಡುವ ಗೋಯಾ ಎಂಬ ಅಧಿಕಾರಿ ಮನಸ್ಸು ಬಂದಂತೆ ಕೊಡುತ್ತಿದ್ದ, ಮನಸ್ಸು ಬಂದಂತೆ ಹೊಡೆಯುತ್ತಿದ್ದ. ಒಂದೊಂದು ಕೋಣೆಯಲ್ಲಿ ಹಲವು ಸಂಸಾರ. ಕುಡಿಯುವ ನೀರನ್ನು ಗಲ್ಲಿಯ ಬಿಸಿನೀರಿನ ಅಂಗಡಿಯಿಂದ ಕೊಂಡು ತರಬೇಕು. ಅದೇ ವಠಾರಗಳಲ್ಲಿ ಸುಮಾರು ಒಂದು ಲಕ್ಷ ಚೀನೀಯರೂ ಇದ್ದರು. ಅವರದೂ ಅದೇ ಹಸಿವು. 1945ರ ಜುಲೈ 17ರಂದು ಅಮೆರಿಕದ ಬಾಂಬುಗಳು ಇಲ್ಲಿ ಬಿದ್ದಾಗ ನಿರಾಶ್ರಿತರೂ ಸತ್ತರು, ಅವರಿಗಿಂತ ಎಷ್ಟೋ ಹೆಚ್ಚು ಚೀನೀಯರೂ ಸತ್ತರು. ನಿರಾಶ್ರಿತ ವೈದ್ಯರು ಯಾರು ಯಾವ ಜನ ಎಂದು ನೋಡದೆ ಗಾಯ ಕಟ್ಟಿದರು.

ಮೈಕೆಲ್ 1947ರಲ್ಲಿ ಅಮೆರಿಕ ಸೇರಿದ. ಮೂವತ್ತು ವರ್ಷಗಳ ಮೇಲೆ ಜಿಮ್ಮಿ ಕಾರ್ಟರ್ ಸರ್ಕಾರದಲ್ಲಿ ಖಜಾನೆ ಮಂತ್ರಿಯಾದ. ಝೌಶಾನ್ ರಸ್ತೆಯ ಆ ಮನೆ ನೋಡಲು ಮತ್ತೆ ಬಂದ.

ಸಮೀಪದ ಓಹೆಲ್ ಮೋಶೆ ಪ್ರಾರ್ಥನಾ ಮಂದಿರ ಈಗ ಮ್ಯೂಸಿಯಂ. ಅಲ್ಲಿನ ಗೋಡೆಯ ಮೇಲೆ ನಿರಾಶ್ರಿತರ ಹೆಸರುಗಳನ್ನು ಕೆತ್ತಿದ್ದಾರೆ. ಯುದ್ಧ ಮುಗಿದಾಗ ಈ ಬೀದಿಗಳ ಗೋಡೆಗಳ ಮೇಲೆ ಬೇರೆಯೇ ಹೆಸರುಗಳಿದ್ದವು: ಯುರೋಪಿನಲ್ಲಿ ಬದುಕುಳಿದವರ ಪಟ್ಟಿಗಳು. ಜನ ಅವುಗಳ ಮುಂದೆ ನಿಂತು ಅಪ್ಪ ಅಮ್ಮನ, ಅಕ್ಕ ತಂಗಿಯರ ಹೆಸರು ಹುಡುಕುತ್ತಿದ್ದರು. ಬಹಳ ಮಂದಿಗೆ ಸಿಗಲಿಲ್ಲ.