ಕಾಯುವ ಕಣಗಳೇ ಕಾಡಿದಾಗ

2020ರ ಮೇ ತಿಂಗಳು. ಮುಂಬೈಯಿಂದ ಊರಿಗೆ ಮರಳಿದವರಲ್ಲಿ ಕೊರೋನಾ ಸೋಂಕು ಕಾಣಿಸಿಕೊಂಡು ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರದ ಹೆಸರುಗಳು ದಿನವೂ ಪತ್ರಿಕೆಗಳಲ್ಲಿ ಬರತೊಡಗಿದವು. ಸೋಂಕು ತಗುಲಿದ ಅನೇಕರಿಗೆ ಕೆಮ್ಮು ಕೂಡ ಇರಲಿಲ್ಲ. ಆದರೆ ಈ ಕಾಯಿಲೆಯಲ್ಲಿ ಕೆಲವರಿಗೆ ಮಾತ್ರ ವಾರ ಕಳೆಯುವಷ್ಟರಲ್ಲಿ ಉಸಿರೇ ಕಟ್ಟಿತು. ಹೀಗೇಕೆ?

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳೊಳಗೆ ಮ್ಯಾಕ್ರೋಫೇಜ್ ಎಂಬ ಕಾವಲು ಕಣಗಳು ಸದಾ ಸುತ್ತಾಡುತ್ತಿರುತ್ತವೆ. ವೈರಸ್ ಹೊಕ್ಕ ಜೀವಕೋಶವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಸುರಿಸಿ ನೆರೆಹೊರೆಯನ್ನು ಎಚ್ಚರಿಸುತ್ತದೆ. ಕಾವಲು ಕಣಗಳು ವೈರಸ್ಸನ್ನು ನುಂಗುತ್ತವೆ. ಸಾಲದಿದ್ದರೆ ರಕ್ತದಿಂದ ಬಿಳಿಕಣಗಳನ್ನು ನೆರವಿಗೆ ಕರೆಯುತ್ತವೆ. ಕೆಲಸ ಮುಗಿದ ಮೇಲೆ ಎಲ್ಲವೂ ತಣ್ಣಗಾಗಬೇಕು.

ತೀವ್ರ ನ್ಯುಮೋನಿಯಾದಲ್ಲಿ ಹಾಗಾಗುವುದಿಲ್ಲ. ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇದನ್ನು ವಿವರಿಸಿದರು. ಕೊರೋನಾ ವೈರಸ್ ಕಾವಲು ಕಣಗಳೊಳಗೇ ಸೇರಿಕೊಳ್ಳುತ್ತದೆ. ಅವು ಟಿ-ಕಣಗಳನ್ನು ಕರೆಯುತ್ತವೆ. ಟಿ-ಕಣಗಳು ಮತ್ತೆ ಕಾವಲು ಕಣಗಳನ್ನೇ ಕೆರಳಿಸುತ್ತವೆ. ಈ ಸುತ್ತು ನಿಲ್ಲದೆ ಉರಿಯೂತ ಒಂದು ಭಾಗದಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ, ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ.

ಹಾಗಾದರೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆಯನ್ನು ಮೊದಲ ದಿನವೇ ನುಂಗಿದರಾಯಿತಲ್ಲ ಎನ್ನಬಹುದು. ಇಲ್ಲೇ ಅಪಾಯವಿರುವುದು. 2020ರ ಜೂನ್‌ನಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದರ ಫಲಿತಾಂಶ ಹೊರಬಂತು. ಡೆಕ್ಸಾಮೆಥಾಸೋನ್ ಔಷಧಿಯು ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರರಲ್ಲೊಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದರಲ್ಲೊಂದು ಪಾಲು ಕಡಿಮೆ ಮಾಡಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಮೊದಲ ದಿನಗಳಲ್ಲಿ ದೇಹಕ್ಕೆ ತನ್ನ ಸೈನ್ಯ ಬೇಕೇ ಬೇಕು. ಅದನ್ನು ಆಗಲೇ ಕಟ್ಟಿಹಾಕಿದರೆ ವೈರಸ್ಸಿಗೆ ದಾರಿ ಬಿಟ್ಟಂತೆ. ಸ್ಟೀರಾಯ್ಡ್ ಸಕ್ಕರೆ ಅಂಶವನ್ನೂ ಏರಿಸುತ್ತದೆ. 2021ರಲ್ಲಿ ನಮ್ಮ ರಾಜ್ಯದಲ್ಲೂ ಕಪ್ಪು ಶಿಲೀಂಧ್ರ ರೋಗ ಹೆಚ್ಚಲು ಮಧುಮೇಹದ ಜೊತೆಗೆ ಸ್ಟೀರಾಯ್ಡ್‌ನ ಅತಿಬಳಕೆಯೂ ಕಾರಣವಾಯಿತು.

ಕೊರೋನಾದ ಅಬ್ಬರ ತಗ್ಗಿದೆ ನಿಜ. ಆದರೆ ಫ್ಲೂ ಜ್ವರವೂ ಕೆಲವರಲ್ಲಿ ನ್ಯುಮೋನಿಯಾ ತರಬಲ್ಲದು. ಆದ್ದರಿಂದ ಸಹೋದರಿಯರೇ, ಚೀಟಿಯಿಲ್ಲದೆ ಅಂಗಡಿಯಿಂದ ಮಾತ್ರೆ ತರಿಸಬೇಡಿ. ಜ್ವರ ಇಳಿದ ಮೇಲೂ ಉಸಿರಾಟ ಗಮನಿಸಿ. ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ, ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ತಡಮಾಡಬೇಡಿ. ಶ್ರೀರಂಗಪಟ್ಟಣದವರಾಗಲಿ, ನಾಗಮಂಗಲದವರಾಗಲಿ, ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ.

ಮನೆಮಂದಿಯ ಜ್ವರವನ್ನು ಹಣೆ ಮುಟ್ಟಿ ತಿಳಿಯುವ ತಾಯಿ ತನ್ನ ಏದುಸಿರನ್ನು ಮಾತ್ರ ಆಯಾಸವೆಂದು ಮುಚ್ಚಿಡುತ್ತಾಳೆ. ದಯವಿಟ್ಟು ಮುಚ್ಚಿಡಬೇಡಿ.