ಗೋಧಿ ಬಿಟ್ಟರೆ ಹೊಟ್ಟೆ ಹಗುರ: ತಪ್ಪು ಗ್ಲುಟೆನ್‌ನದ್ದೇನಾ?

ಎರ್ಮಾಳು, ಪಡುಬಿದ್ರಿ, ಕಾಪು ಕಡೆಯ ಮನೆಗಳಲ್ಲಿ ಅಕ್ಕಿಯದ್ದೇ ಕಾರುಬಾರು. ಬೆಳಿಗ್ಗೆ ನೀರುದೋಸೆ ಅಥವಾ ಪುಂಡಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಕೋರಿರೊಟ್ಟಿಯ ರೊಟ್ಟಿಯೂ ಅಕ್ಕಿಯದ್ದೇ. ಅದೇ ಮನೆಯವರು ಹಾಸ್ಟೆಲ್ ಸೇರಿದರೆ ತಟ್ಟೆಯೇ ಬದಲು: ಉಪ್ಪಿಟ್ಟು, ಚಪಾತಿ, ಬ್ರೆಡ್, ಸಂಜೆಗೆ ಗೋಳಿಬಜೆ, ರಾತ್ರಿ ಪರೋಟ. ಕೆಲವರಿಗೆ ಹೊಟ್ಟೆ ಉಬ್ಬರ, ಭೇದಿ, ಸುಸ್ತು ಶುರುವಾಗುತ್ತದೆ. ರಜೆಯಲ್ಲಿ ಊರಿಗೆ ಹೋಗಿ ನಾಲ್ಕು ದಿನ ಗಂಜಿ ಉಂಡರೆ ಎಲ್ಲ ಸರಿ. ‘ನಂಗೆ ಗ್ಲುಟೆನ್ ಆಗುದಿಲ್ಲ ಮಾರಾಯ’ ಅಂತ ತೀರ್ಪು ಬರುವುದು ಆಗಲೇ.

ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಪರೋಟದ ಹಿಟ್ಟು ಎಳೆದಷ್ಟೂ ಬರುವುದು ಇದರಿಂದಲೇ. ಅಕ್ಕಿ, ರಾಗಿ, ಜೋಳದಲ್ಲಿ ಇದಿಲ್ಲ.

ಊಟ ಬದಲಾದಾಗ ಕಾಯಿಲೆಯ ಗುಟ್ಟು ಸಿಗುವುದು ಹೊಸದೇನಲ್ಲ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಡಿಕೆಗೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಬರಗಾಲದಲ್ಲಿ ಬ್ರೆಡ್ ಸಿಗದಾದಾಗ ಸೀಲಿಯಾಕ್ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿದಾಗ ಮತ್ತೆ ಹದಗೆಟ್ಟರು. ಆದರೆ ಡಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಗೋಧಿ ಕೊಟ್ಟು, ತೆಗೆದು ನೋಡಿದ ಲೆಕ್ಕವನ್ನು 1950ರ ಪಿಎಚ್.ಡಿ. ಪ್ರಬಂಧದಲ್ಲಿ ಮಂಡಿಸಿದರು.

ನಮ್ಮ ರಜೆಯ ಪ್ರಯೋಗದಲ್ಲಿ ಆ ಕಟ್ಟುನಿಟ್ಟು ಇರುವುದಿಲ್ಲ. ಊರಿಗೆ ಹೋದಾಗ ಗೋಧಿಯೊಂದೇ ಅಲ್ಲ, ಕರಿದ ಎಣ್ಣೆ, ನಿದ್ದೆಗೇಡು, ಪರೀಕ್ಷೆಯ ಟೆನ್ಶನ್ ಎಲ್ಲವೂ ಒಟ್ಟಿಗೇ ತಪ್ಪುತ್ತವೆ. ಗೋಧಿಯಲ್ಲೂ ಗ್ಲುಟೆನ್ ಜೊತೆ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿ ಇದೆ. ಅದು ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇದೆ. ಅಂದರೆ ಆರೋಪಿಗಳು ಹಲವರು.

ಕಾಯಿಲೆಯೂ ಒಂದೇ ಅಲ್ಲ. ಸೀಲಿಯಾಕ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳನ್ನು ಹಾಳುಮಾಡುತ್ತದೆ. ರಕ್ತಹೀನತೆ, ಮೂಳೆ ಸವೆತ ಬರಬಹುದು. ಇದಕ್ಕೆ ಜೀವನಪೂರ್ತಿ ಪಥ್ಯ, ಚೂರೂ ರಿಯಾಯಿತಿ ಇಲ್ಲ. ಗೋಧಿ ಅಲರ್ಜಿ ಬೇರೆಯೇ. ಎರಡೂ ಅಲ್ಲದೆ ಬರೀ ಗೋಧಿ ಒಗ್ಗದವರು ಎಷ್ಟು ತಡೆಯುತ್ತದೋ ಅಷ್ಟು ತಿನ್ನಬಹುದು. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರಲ್ಲಿ ಕಂಡರೆ, ದಕ್ಷಿಣದಲ್ಲಿ ಶೇ. 0.10 ಮಾತ್ರ. ನಮ್ಮಲ್ಲಿ ಅಪರೂಪ, ಆದರೆ ಇಲ್ಲವೆಂದಲ್ಲ.

ಇಲ್ಲೇ ಮುಖ್ಯ ವಿಷಯ: ಗೋಧಿ ಬಿಡುವ ಮೊದಲು ಪರೀಕ್ಷೆ ಮಾಡಿಸಿ. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರಿನ ತಪಾಸಣೆ. ಎರಡೂ ಸರಿಯಾಗಿ ಹೇಳಬೇಕಾದರೆ ನೀವು ಗೋಧಿ ತಿನ್ನುತ್ತಿರಬೇಕು. ತಿಂಗಳುಗಟ್ಟಲೆ ಗಂಜಿಯಲ್ಲೇ ಇದ್ದು ಹೋದರೆ ಕಾಯಿಲೆ ಇದ್ದರೂ ವರದಿ ‘ನಾರ್ಮಲ್’ ಅನ್ನಬಹುದು. ಆಗಲೇ ಬಿಟ್ಟಿದ್ದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ.

ಸೀಲಿಯಾಕ್, ಅಲರ್ಜಿ ಎರಡೂ ಇಲ್ಲವೆಂದಾದ ಮೇಲೆ ಮನೆಪ್ರಯೋಗ ಮಾಡಿ. ಲ್ಯಾಬಿನ ನಿಯಮವೇ: ಒಂದು ಸಲಕ್ಕೆ ಒಂದೇ ಬದಲಾವಣೆ, ತಿಂದದ್ದನ್ನೂ ಹೊಟ್ಟೆಯ ಸ್ಥಿತಿಯನ್ನೂ ಬರೆದಿಡಿ, ಕೆಲವು ವಾರ ಬಿಟ್ಟು ಮತ್ತೆ ತಿಂದು ನೋಡಿ. ಅಡಗಿ ಕುಳಿತ ಗೋಧಿಯ ಮೇಲೂ ಕಣ್ಣಿರಲಿ: ಬಂಗುಡೆ ರವಾ ಫ್ರೈ, ಗೋಬಿ ಮಂಚೂರಿಯ ಮೈದಾ, ಸೋಯಾ ಸಾಸ್, ಡಬ್ಬಿಯ ಇಂಗಿನಲ್ಲಿ ಬೆರೆಸುವ ಗೋಧಿಹಿಟ್ಟು.