ಗದ್ದೆಯೊಳಗಿನ ಗುಳ್ಳೆಗಳು

ಆಗಸ್ಟ್‌ನಲ್ಲಿ ಗಂಗಾವತಿಯಿಂದ ಕಾರಟಗಿ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ನೀರೇ ನೀರು. ಕೇಜ್‌ವ್ಹೀಲ್ ಹಾಕಿದ ಟ್ರ್ಯಾಕ್ಟರ್ ಕೆಸರು ಕಲಸುತ್ತ ಸುತ್ತುತ್ತದೆ. ಬೆನ್ನಿಗೇ ಹುಳು ಹೆಕ್ಕುವ ಬೆಳ್ಳಕ್ಕಿಗಳ ಹಿಂಡು. ಪಕ್ಕದ ಮಡಿಯಲ್ಲಿ ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಾಗಿ, ಹಿಂದಕ್ಕೆ ಸರಿಯುತ್ತ ಸೋನಾ ಮಸೂರಿ ಸಸಿ ನೆಡುತ್ತಾರೆ. ನಾಟಿಯಾಗಿ ಕೆಲವು ವಾರ ಕಳೆದ ಗದ್ದೆಗೆ ಇಳಿದು ನೋಡಿ. ಕಾಲಿಟ್ಟಲ್ಲೆಲ್ಲ ಕೆಸರಿನಿಂದ ಗುಳುಗುಳು ಗುಳ್ಳೆ ಏಳುತ್ತವೆ. ಆ ಗುಳ್ಳೆಯಲ್ಲಿ ಮೀಥೇನ್ ಇದೆ.

ನೀರು ನಿಂತ ಮಣ್ಣಿಗೆ ಗಾಳಿಯಾಡುವುದಿಲ್ಲ. ಅಲ್ಲಿ ಕೊಳೆಯುವ ಹುಲ್ಲು, ಕೂಳೆಯನ್ನು ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಗುಳ್ಳೆಯಾಗಿ ಹೊರಬೀಳುವುದು ಸ್ವಲ್ಪ. ಹೆಚ್ಚಿನದು ಬತ್ತದ ಟೊಳ್ಳು ದಂಟಿನೊಳಗಿಂದಲೇ ಸದ್ದಿಲ್ಲದೆ ಮೇಲೇರಿ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿಯೇರಿಸುವ ಅನಿಲ. ಭಾರತ 2070ಕ್ಕೆ ನಿವ್ವಳ ಶೂನ್ಯದ ಗುರಿ ಘೋಷಿಸಿದೆ. ಆದರೆ 2021ರಲ್ಲಿ ಗ್ಲಾಸ್ಗೋದಲ್ಲಿ ಹೊರಬಂದ ಮೀಥೇನ್ ಕಡಿತದ ಜಾಗತಿಕ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಅನ್ನದ ಬಟ್ಟಲಿಗೆ ಕೈಹಾಕಿದರೆ ಯಾವ ಸರ್ಕಾರ ಉಳಿದೀತು?

ಹಾಗಂತ ದಾರಿಯೇ ಇಲ್ಲವೆಂದಲ್ಲ. ತೂತು ಕೊರೆದ ಅಡಿಯುದ್ದದ ಪೈಪೊಂದನ್ನು ಗದ್ದೆಯಲ್ಲಿ ಹೂಳಿ, ಒಳಗೆ ಇಣುಕಿ ನೋಡುವುದು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಮತ್ತೆ ಕಟ್ಟುವುದು, ಹೂ ಬಿಡುವ ಹೊತ್ತಿಗೆ ಮಾತ್ರ ಒಣಗಗೊಡದಿರುವುದು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹರಡಿದ ಈ ವಿಧಾನದಲ್ಲಿ ಇಳುವರಿ ಬಹುಮಟ್ಟಿಗೆ ಹಾಗೇ ಉಳಿದು, ಮೀಥೇನ್ ಶೇ 30ರಿಂದ 50ರಷ್ಟು ಇಳಿಯುತ್ತದೆ. ಯೂರಿಯಾ ಕೈತಪ್ಪಿ ಸುರಿದರೆ ಒಣಗಿ ನೆನೆಯುವ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅಷ್ಟು ಎಚ್ಚರ ಬೇಕು. ಇನ್ನೊಂದು ದಾರಿಯೂ ಇದೆ: ರಾಯಚೂರು ಕಡೆ ಕೆಲವರು ನೀರು ನಿಲ್ಲಿಸುವ ನಾಟಿಯನ್ನೇ ಬಿಟ್ಟು ಕೂರಿಗೆಯಲ್ಲಿ ಬತ್ತ ಬಿತ್ತುತ್ತಾರೆ. ಕಳೆಯ ಕಾಟವೊಂದು ಹೆಚ್ಚು.

ಇಷ್ಟು ಸಲೀಸಾದ ಪೈಪಿನ ವಿಧಾನ ಊರೂರಿಗೆ ಯಾಕೆ ಹಬ್ಬಿಲ್ಲ? ಕಾಲುವೆಯ ಏರಿ ಮೇಲೆ ನಿಂತರೆ ತಿಳಿಯುತ್ತದೆ. ಈ ಸೀಮೆಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದೇ ಹೆಚ್ಚಾಗಿ ಜೋಳ, ಹತ್ತಿಯಂಥ ಮಿತನೀರಿನ ಬೆಳೆಗಳಿಗೆ. ಮೇಲ್ಭಾಗವೆಲ್ಲ ಬತ್ತವಾಯಿತು, ಮಾನ್ವಿ, ಸಿರವಾರದ ಕೊನೆಭಾಗದವರು ನೀರಿಗಾಗಿ ರಸ್ತೆಗಿಳಿಯುವುದು ಮಾಮೂಲಾಯಿತು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆಯ ಜೀವ ಬಾಯಿಗೆ ಬಂದಿತ್ತು. ಇಂಥಲ್ಲಿ ಕೈಗೆ ಬಂದ ನೀರನ್ನು ಯಾರು ಬಿಟ್ಟಾರು? “ಗದ್ದಿ ಒಣಗಿಸೋದು ನಮ್ಮ ಕೈಯಾಗ ಐತ್ರಿ, ಮತ್ತ ನೀರು ಬರೋದು ಯಾರ ಕೈಯಾಗ ಐತಿ?” ಎಂದು ರೈತ ಕೇಳಿದರೆ ಅವನಿಗೆ ಅರಿವಿನ ಕೊರತೆ ಎನ್ನಲಾಗದು. ಸರದಿಯ ನೀರು ಹೇಳಿದ ದಿನವೇ ಕೊನೆಯ ತೂಬಿಗೂ ತಲುಪುವಂತೆ ನೀರಾವರಿ ಇಲಾಖೆ ಮೊದಲು ಮಾಡಲಿ. ಆಮೇಲೆ ರೈತನಿಗೆ ಪೈಪು ಕೊಡಲಿ.